ಹಾಜಿಯವರ ಗುಡ್ಡೆ, ನಮ್ಮ ಸಿಸ್ಟರ್

ಸಿಸ್ಟರ್ ತೀರಿಹೋದ ಸುದ್ದಿಯನ್ನು ನನಗೆ ಹೇಳಿದವರು ಹಾಜಿಯವರು. ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಲ್ಮಠದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅವರು ಫೋನ್ ಮಾಡಿದರೆ ಹಿಂದಿನಿಂದ ಅಂಗಡಿಯ ಗಲಾಟೆಯೂ ಕೇಳಿಸುವುದು ವಾಡಿಕೆ. ಅಂದು ಅದು ಇರಲಿಲ್ಲ. "ಮಾಸ್ಟ್ರೇ, ನಮ್ಮ ಸಿಸ್ಟರ್ ಹೋದ್ರು," ಎಂದರು. ಸುರತ್ಕಲ್ ಬಸ್ಸು ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ.

'ನಮ್ಮ ಸಿಸ್ಟರ್' ಎಂಬ ಮಾತು ಹಾಜಿಯವರ ಬಾಯಿಗೆ ಸುಲಭವಾಗಿ ಬಂದದ್ದಲ್ಲ. ಅವರದು ಬಂದರಿನಲ್ಲಿ ಸಗಟು ದಿನಸಿ ವ್ಯಾಪಾರ. ಸುರತ್ಕಲ್ ಹೆದ್ದಾರಿಯಿಂದ ಪೂರ್ವಕ್ಕೆ, ಸ್ವಲ್ಪ ಒಳಗೆ, ತಂದೆಯ ಕಾಲದಿಂದ ಬಂದ ಒಂದು ಕಾಡುಗುಡ್ಡೆ ಅವರ ಹೆಸರಿನಲ್ಲಿದೆ. ಸಿಸ್ಟರ್ ಆ ಗುಡ್ಡೆಯಲ್ಲಿ ದಿನಾ ನಡೆಯಲು ಹೋಗುತ್ತಿದ್ದವರಲ್ಲಿ ಒಬ್ಬರು. ಒಬ್ಬರಿಗೆ ಜಾಗವಿತ್ತು, ಇನ್ನೊಬ್ಬರಿಗೆ ಬರೀ ಕಾಲಿತ್ತು. ಇವರಿಬ್ಬರ ನಡುವೆ ಒಂದು ಗೇಟು, ಅದಕ್ಕೊಂದು ಸರಪಳಿ.

ಮಂಗಳೂರಿನಲ್ಲಿ ಸಿಸ್ಟರ್ ಎಂದರೆ ಮೊದಲು ಕಾನ್ವೆಂಟಿನವರು ನೆನಪಾಗುತ್ತಾರೆ. ಇವರು ನರ್ಸ್. ಮನೆಮಾತು ತುಳು. ಗದ್ದೆಯಿದ್ದ ಮನೆಯಲ್ಲಿ ಹುಟ್ಟಿ, ಮಸ್ಕತ್ತಿನಲ್ಲಿ ಹಲವು ವರ್ಷ ದುಡಿದು, ಊರಿಗೆ ಬಂದು ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಯಾಕೆಂದು ಅವರನ್ನು ಕೇಳುವ ಧೈರ್ಯ ಮಾಡಿದವರನ್ನು ನಾನು ನೋಡಿಲ್ಲ. ನಮ್ಮ ಕಟ್ಟಡದಲ್ಲಿ ನನ್ನ ಮನೆಯ ಕೆಳಗಿನ ಮನೆ ಅವರದು. ದುಡಿದದ್ದೆಲ್ಲ ಆಪರೇಷನ್ ಥಿಯೇಟರಿನಲ್ಲಿ.

"ಥಿಯೇಟರಿಗೆ ಕಿಟಕಿ ಇಲ್ಲ ಮಾಸ್ಟ್ರೇ," ಎಂದು ಒಮ್ಮೆ ಹೇಳಿದ್ದರು. "ಒಳಗೆ ಹೋಗುವಾಗ ಬಿಸಿಲು, ಹೊರಗೆ ಬಂದ್ರೆ ಮಳೆ. ನಡುವೆ ಎಂತ ಆಯ್ತು ಅಂತಲೇ ಗೊತ್ತಿಲ್ಲ. ಇನ್ನು ನಂಗೆ ಆಕಾಶ ಕಾಣ್ಬೇಕು, ಅಷ್ಟೇ."

ಆಕಾಶ ಕಾಣಲು ಹಾಜಿಯವರ ಗುಡ್ಡೆಗಿಂತ ಒಳ್ಳೆಯ ಜಾಗ ನಮ್ಮ ಸುತ್ತಿನಲ್ಲಿ ಇಲ್ಲ. ಕೆಳಗೆಲ್ಲ ಗೇರುಮರ, ಹೆಬ್ಬಲಸು, ಕುಂಟಲ ಹಣ್ಣಿನ ಪೊದೆ, ಕೇಪುಳ ಹೂವಿನ ಕೆಂಪು. ಮೇಲೆ ಹೋದರೆ ಕೆಂಪು ಮುರಕಲ್ಲಿನ ಸಮತಟ್ಟು. ಅಲ್ಲಿ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಎಣ್ಣೆ ರಿಫೈನರಿಯ ಚಿಮಣಿಯ ಬೆಂಕಿನಾಲಗೆ. ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಅಲ್ಲಿ ಓಡಲು ಬರುತ್ತಿದ್ದರು, ರಿಫೈನರಿಯವರು ಪಾಳಿ ಮುಗಿಸಿ ಕಾಲಾಡಿಸಲು ಬರುತ್ತಿದ್ದರು. ಹೆಂಗಸರು ನಾಲ್ಕೈದು ಮಂದಿ ಗುಂಪು ಕಟ್ಟಿಕೊಂಡು ಬಂದು ಊರಿನ ಸುದ್ದಿಯನ್ನೆಲ್ಲ ಒಂದು ಸುತ್ತಿನಲ್ಲಿ ಮುಗಿಸುತ್ತಿದ್ದರು. ಅದು ಇನ್ನೊಬ್ಬರ ಜಾಗ ಎಂಬುದು ನಮಗೆಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ.

ಒಂದು ಬೇಸಿಗೆಯಲ್ಲಿ, ಕುಡಿಯಲು ಬಂದ ಯಾರೋ ಹಚ್ಚಿದ ಬೆಂಕಿ ಒಣಹುಲ್ಲಿಗೆ ತಗುಲಿ ಗುಡ್ಡೆಯ ಒಂದು ಮಗ್ಗುಲು ಸುಟ್ಟುಹೋಯಿತು. ಅದೇ ವಾರ ಹಾಜಿಯವರು ಸುತ್ತ ತಂತಿ ಎಳೆಸಿ, ದಾರಿಗೆ ಗೇಟು ಹಾಕಿ, ಸರಪಳಿ ಬಿಗಿದರು.

ನಡೆಯುವವರೆಲ್ಲ ಗೇಟಿನ ಎದುರು ಸೇರಿದೆವು. ನಮ್ಮಲ್ಲಿ ಒಬ್ಬರು ವಕೀಲರಿದ್ದರು. ಇಷ್ಟು ವರ್ಷ ಜನ ಓಡಾಡಿದ ದಾರಿಯನ್ನು ಹೀಗೆ ಮುಚ್ಚುವಂತಿಲ್ಲ, ನೋಟಿಸ್ ಕಳಿಸೋಣ, ಕೋರ್ಟಿಗೆ ಹೋಗೋಣ ಎಂದರು. ಎಲ್ಲರಿಗೂ ಅದು ಸರಿ ಎನಿಸಿತು, ನನಗೂ ಎನಿಸಿತು. ಹಿಂದೆ ನಿಂತಿದ್ದ ಸಿಸ್ಟರ್ ಮಾತ್ರ ಮೆಲ್ಲನೆ ಕೇಳಿದರು: "ನೀವು ಯಾರ ಮನೆಗಾದ್ರೂ ನೆಂಟರಾಗಿ ಹೋಗ್ತೀರಲ್ಲ ವಕೀಲರೇ, ಚಾ ಕುಡಿದ ಲೋಟವನ್ನು ಅಲ್ಲೇ ಒಡೆದು ಹಾಕ್ತೀರಾ?"

ಅವರ ದನಿಯೇ ಹಾಗೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಆಯುಷ್ಯ ಕಳೆದವರ ತಗ್ಗಿದ ದನಿ. ಕೇಳಬೇಕಾದರೆ ಉಳಿದವರು ಸುಮ್ಮನಾಗಲೇಬೇಕು.

ಎರಡು ದಿನ ಬಿಟ್ಟು ನನ್ನನ್ನು ಕರೆದುಕೊಂಡು ಬಂದರಿಗೆ ಹೊರಟರು. ಹಾಜಿಯವರ ಅಂಗಡಿಯಲ್ಲಿ ಒಣಮೆಣಸಿನ ಘಾಟಿಗೆ ನಾನು ಸೀನುತ್ತ ನಿಂತಿದ್ದೆ. ಬಿಳಿ ಗಡ್ಡದ, ದಪ್ಪ ಕನ್ನಡಕದ ಹಾಜಿಯವರು ನಮ್ಮನ್ನು ಕೂರಿಸಿ ಹಾಲಿಲ್ಲದ ಸುಲೈಮಾನಿ ಚಾ ತರಿಸಿದರು. ಉಪಚಾರದಲ್ಲಿ ಕೊರತೆಯಿಲ್ಲ, ಮುಖದಲ್ಲಿ ನಗು ಇಲ್ಲ.

"ನೀವು ಯಾವ ಸಂಘದವರು?"

"ಯಾವುದೂ ಅಲ್ಲ. ನಾನು ರಿಟೈರ್ಡ್ ನರ್ಸ್. ಇವರು ಕಾಲೇಜಿನ ಮಾಸ್ಟ್ರು. ನಿಮ್ಮ ಗುಡ್ಡೆಯಲ್ಲಿ ನಡೀತಿದ್ದವರು."

"ನಡೀಲಿಕ್ಕೆ ಬಿಟ್ಟದ್ದಕ್ಕೇ ಬೆಂಕಿ ಬಿದ್ದದ್ದು."

"ಹೌದು," ಎಂದರು ಸಿಸ್ಟರ್.

ಆ 'ಹೌದು' ಹಾಜಿಯವರು ಎಣಿಸಿದ್ದಲ್ಲ. ಕನ್ನಡಕ ತೆಗೆದು ಒರೆಸಿದರು. "ಈಗ ನೋಟಿಸ್ ಕಳಿಸ್ತಾರಂತೆ, ಜನರ ದಾರಿ ಅಂತ. ನಮ್ಮ ತಂದೆ ತೆಗೊಂಡ ಜಾಗ ಅದು. ಅವರೂ ಯಾರಿಗೂ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಬೇಡ ಅನ್ನದ್ದೇ ನಮ್ಮ ತಪ್ಪಾ?"

"ನೋಟಿಸಿಗೆ ನಾನು ಸಹಿ ಹಾಕುದಿಲ್ಲ. ಜಾಗ ನಿಮ್ಮದು. ಕಸ ನಮ್ಮದು. ನಮ್ಮದನ್ನು ತೆಗೀಲಿಕ್ಕೆ ಒಳಗೆ ಬಿಡಿ, ಅಷ್ಟು ಸಾಕು. ಆಮೇಲೆ ಗೇಟು ತೆಗೀಬೇಕೋ ಬೇಡವೋ ನಿಮಗೆ ಬಿಟ್ಟದ್ದು."

ಹಾಜಿಯವರು ನನ್ನ ಕಡೆ ನೋಡಿದರು, ಇದರಲ್ಲಿ ಏನಾದರೂ ಮೋಸ ಉಂಟೇ ಎಂಬಂತೆ. ನಾನು ಇನ್ನೊಮ್ಮೆ ಸೀನಿದೆ. "ಆದಿತ್ಯವಾರ ಬೆಳಿಗ್ಗೆ ನಮ್ಮ ಜನ ಗೇಟು ತೆಗೀತಾರೆ," ಎಂದರು ಕೊನೆಗೆ. "ನೋಡುವ."

ಹೀಗೆ ಶುರುವಾಯಿತು. ಮೊದಲ ವಾರ ನಾವು ನಾಲ್ಕೇ ಮಂದಿ. ಬರಬರುತ್ತ ಕಾಲೇಜಿನ ಮಕ್ಕಳು ಸೇರಿಕೊಂಡರು, ರಿಫೈನರಿಯವರು ತಮ್ಮ ದಪ್ಪ ಕೈಗವಸುಗಳನ್ನು ತಂದರು. ಬಾಟಲಿ ಚೂರು, ಚಿಪ್ಸ್ ಪೊಟ್ಟಣ, ಮಗುವಿನ ಡಯಪರ್, ಯಾರದೋ ಮನೆಯ ಹಳೆಯ ಹಾಸಿಗೆ, ಕೆಡವಿದ ಗೋಡೆಯ ಸಿಮೆಂಟು. ಒಂದು ಗುಡ್ಡೆ ಇಷ್ಟನ್ನೆಲ್ಲ ಹೇಗೆ ನುಂಗಿಕೊಂಡಿತ್ತೋ ಗೊತ್ತಿಲ್ಲ. ಚೀಲ ತುಂಬಿ ರಸ್ತೆಗೆ ಹೊತ್ತು, ಪಾಲಿಕೆಯ ಒಣಕಸದ ಗಾಡಿಗೆ ಹಾಕಿ ಬರುತ್ತಿದ್ದೆವು.

ಕೆಲಸದ ನಡುವೆ ಸಿಸ್ಟರಿಗೆ ಒಂದು ಅಭ್ಯಾಸವಿತ್ತು. ಬಗ್ಗಿದಲ್ಲಿಂದ ತಿರುಗಿ ನೋಡದೆ ಬಲಗೈಯನ್ನು ಹಿಂದಕ್ಕೆ ಚಾಚುವರು. ಆ ಕೈಗೆ ಇಕ್ಕಳವೋ, ಕತ್ತಿಯೋ, ಚೀಲವೋ, ಆಗ ಬೇಕಾದದ್ದೇ ಬಂದು ಬೀಳಬೇಕು. ನಾನು ಒಮ್ಮೆ ಚೀಲದ ಬದಲು ನೀರಿನ ಬಾಟಲಿ ಕೊಟ್ಟೆ. "ಡಾಕ್ಟ್ರುಗಳ ಕೈಗೆ ಇಷ್ಟು ವರ್ಷ ನಾನು ಕೊಟ್ಟಿದ್ದೇನೆ ಮಾಸ್ಟ್ರೇ," ಎಂದರು, ಇನ್ನೂ ತಿರುಗದೆ. "ಕೇಳದೆ ಕೊಡ್ಬೇಕು. ಇನ್ನು ನಂಗೆ ಕೊಡುವ ಸರದಿ ನಿಮ್ಮದು."

ಅವರ ಎಲ್ಲ ಕಾನೂನೂ ಥಿಯೇಟರಿನಿಂದ ಬಂದವು. ಹೊಟ್ಟೆ ಹೊಲಿಯುವ ಮೊದಲು ಒಳಗೆ ಹೋದದ್ದೆಲ್ಲ ಹೊರಗೆ ಬಂದಿರಬೇಕು ಎನ್ನುತ್ತಿದ್ದರು. ಗುಡ್ಡೆಯಿಂದ ಇಳಿಯುವಾಗ ಪ್ರತಿಯೊಬ್ಬರೂ ತಂದ ಕತ್ತಿ, ಕೈಗವಸು, ಬಿಸ್ಕತ್ತಿನ ಪೊಟ್ಟಣ ತೋರಿಸಿಯೇ ಹೊರಗೆ ಹೋಗಬೇಕಿತ್ತು. ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದರು, ಆದರೆ ಜೇಬು ತಡಕಿ ನೋಡಿಕೊಳ್ಳುತ್ತಿದ್ದರು. ಒಂದು ಕ್ಲಬ್ಬಿನವರು ಬ್ಯಾನರ್, ಟೀಶರ್ಟು, ಫೋಟೋಗ್ರಾಫರ್ ಸಮೇತ ಬರುತ್ತೇವೆಂದು ಫೋನ್ ಮಾಡಿದಾಗ ಸಿಸ್ಟರ್ ಕೇಳಿದ್ದು ಒಂದೇ: "ಬನ್ನಿ. ಆದ್ರೆ ಬ್ಯಾನರ್ ಕಟ್ಟಿದ ಹಗ್ಗ ಬಿಚ್ಚುದು ಯಾರು?" ಅವರು ಬರಲಿಲ್ಲ.

ಮೊದಲ ಮಳೆ ಬಿದ್ದ ವಾರ ಹಾಜಿಯವರೇ ಬಂದರು. ಕೊಡೆ ಹಿಡಿದು, ಮುಂಡು ಎತ್ತಿ ಕಟ್ಟಿ, ಗುಡ್ಡೆಯನ್ನು ಒಂದು ಸುತ್ತು ಹಾಕಿದರು. ಸುಟ್ಟ ಮಗ್ಗುಲಿನಲ್ಲಿ ಹಸಿರು ಚಿಗುರು ಎದ್ದಿತ್ತು. ಮರುದಿನದಿಂದ ಗೇಟು ಬೆಳಗಿನಿಂದ ಸಂಜೆಯವರೆಗೆ ತೆರೆದಿರತೊಡಗಿತು.

ಆಗೆಲ್ಲ ನಾನು ಒಂದು ವಿಚಾರ ಮಾಡುತ್ತಿದ್ದೆ. ವಕೀಲರು ಹೇಳುತ್ತಿದ್ದ ಹಕ್ಕು ಸಿಕ್ಕಿದ್ದರೆ ನಾವು ಈ ಗುಡ್ಡೆಯನ್ನು ಗುಡಿಸುತ್ತಿದ್ದೆವೇ? ನಮ್ಮದೇ ಬೀದಿ, ನಮ್ಮದೇ ಬಸ್‌ಸ್ಟ್ಯಾಂಡು, ನಮ್ಮದೇ ಕಡಲ ತೀರಗಳ ಗತಿ ಕಣ್ಣೆದುರೇ ಇದೆ. ಹಕ್ಕು ಬೇಡವೆಂದಲ್ಲ. ಹಕ್ಕಿಲ್ಲದೆ ಬದುಕಿದವರಿಗೇ ಅದರ ಬೆಲೆ ಗೊತ್ತು. ಆದರೆ ಇನ್ನೊಬ್ಬರು ಒಳಗೆ ಬಿಟ್ಟ ಜಾಗದಲ್ಲಿ ಕಾಲಿಡುವಾಗ ಮೈಯಲ್ಲಿ ಒಂದು ಎಚ್ಚರ ಇರುತ್ತದಲ್ಲ, ಆ ಎಚ್ಚರವನ್ನು ಸಿಸ್ಟರ್ ನಮಗೆಲ್ಲ ಕಲಿಸುತ್ತಿದ್ದರು. ಹಾಗೆಂದು ಅವರೆದುರು ಹೇಳಿದರೆ, "ಅಷ್ಟೆಲ್ಲ ಆಲೋಚನೆ ಮಾಡ್ಬೇಡಿ, ಚೀಲ ಹಿಡೀರಿ," ಎನ್ನುವವರು.

ಮಳೆ ಬಿಟ್ಟ ಮೇಲೆ ಅದು ನಡೆಯಿತು. ಗುಡ್ಡೆಯ ಹಿಂಬದಿಯಲ್ಲಿ, ಮಣ್ಣಿನ ರಸ್ತೆ ತಂತಿಗೆ ತಾಗುವಲ್ಲಿ, ಯಾರೋ ತಂತಿ ಎತ್ತಿ ಒಂದು ಗಾಡಿ ಎಂಜಲು ಸುರಿದು ಹೋಗಿದ್ದರು. ಪ್ಲಾಸ್ಟಿಕ್ ತಟ್ಟೆ, ಕೊಳೆತ ಅನ್ನ, ಎಲುಬು, ಲೋಟ. ನಾಯಿಗಳು ಎಳೆದಾಡಿ ಇಳಿಜಾರಿನುದ್ದಕ್ಕೂ ಹರಡಿದ್ದವು. ನಾವು ಮೂಗು ಮುಚ್ಚಿ ನಿಂತಿದ್ದೆವು. ಸಿಸ್ಟರ್ ಒಂದು ಪೇಪರ್ ಲೋಟ ಎತ್ತಿ ನೋಡಿದರು. ಅದರ ಮೇಲೆ ಅಚ್ಚಾಗಿದ್ದ ಕ್ಯಾಟರಿಂಗಿನ ಹೆಸರು ಅವರ ತಮ್ಮನದು.

ಅವರಿಗೆ ಇದ್ದದ್ದು ಒಬ್ಬನೇ ತಮ್ಮ. ನನಗಿಂತ ಚಿಕ್ಕವನು, ನಗುಮುಖದವನು. ತಾಯಿ ಬೇಗ ಹೋದ ಮೇಲೆ ಅಕ್ಕನೇ ಎತ್ತಿ ಆಡಿಸಿದ್ದು. ಅವನ ಅಡುಗೆ ಕೆಲಸದ ಮೊದಲ ಕಡಾಯಿಗಳನ್ನು ಮಸ್ಕತ್ತಿನ ದುಡಿಮೆಯಲ್ಲಿ ಅವರೇ ತೆಗೆದುಕೊಟ್ಟಿದ್ದರು. ಹಬ್ಬಕ್ಕೆ ಅವನ ಮನೆಯಿಂದ ಕೋಳಿಸಾರಿನ ಕೋರಿರೊಟ್ಟಿ ಬಂದರೆ ನನ್ನ ಮನೆಗೂ ಒಂದು ಪಾತ್ರೆ ಬರುತ್ತಿತ್ತು.

ವಕೀಲರಿಗೂ ಲೋಟದ ಹೆಸರು ಕಂಡಿತು. "ಸಿಸ್ಟರ್, ಇದನ್ನು ನಾವೇ ತೆಗೆದುಬಿಡುವ. ಹಾಜಿಯವರಿಗೆ ಗೊತ್ತಾಗುದು ಬೇಡ. ಗೊತ್ತಾದ್ರೆ ಗೇಟು ಬಂದ್," ಎಂದರು.

ಸಿಸ್ಟರ್ ಅಲ್ಲೇ ನಿಂತು ಫೋನ್ ಮಾಡಿದರು. "ಗಾಡಿ ತೆಗೊಂಡು ಗುಡ್ಡೆಯ ಹಿಂದೆ ಬಾ. ಈಗಲೇ."

ತಮ್ಮ ಬಂದ. ಕಸ ನೋಡಿದ, ಅಕ್ಕನ ಮುಖ ನೋಡಿದ. "ಅಕ್ಕ, ಕೆಲಸದವರು ಹಾಕಿದ್ದು. ನಂಗೆ ಗೊತ್ತೇ ಇಲ್ಲ."

"ಕೆಲಸದವರು ಯಾರ ಗಾಡಿಯಲ್ಲಿ ಬಂದದ್ದು?"

ಅವನು ಪ್ಯಾಂಟ್ ಮಡಚಿ ಇಳಿದ. ಬರಿಗೈಯಲ್ಲಿ ಎಂಜಲು ಬಾಚತೊಡಗಿದ. ಸಿಸ್ಟರ್ ಹಾಕಿಕೊಂಡಿದ್ದ ಕೈಗವಸು ಬಿಚ್ಚಿ ಅವನಿಗೆ ಕೊಟ್ಟು, ತಾವು ಬರಿಗೈಯಲ್ಲೇ ಪಕ್ಕಕ್ಕೆ ಇಳಿದರು. ಅಕ್ಕ ತಮ್ಮ ಇಬ್ಬರೂ ಒಂದೇ ಚೀಲಕ್ಕೆ ತುಂಬುತ್ತಿದ್ದರು. ನಾವೂ ಕೈ ಹಾಕಿದೆವು. ಗಾಡಿ ತುಂಬಿ ಹೊರಡುವಾಗ ಸಿಸ್ಟರ್ ಹೇಳಿದರು: "ನಾಳೆ ನಾನು ಹಾಜಿಯವರ ಹತ್ರ ಹೋಗಿ ಹೇಳಿ ಬರ್ತೇನೆ."

"ಎಂತ ಹೇಳುದು? ತೆಗೆದಾಯ್ತಲ್ಲ!" ತಮ್ಮನ ದನಿ ಒಡೆಯಿತು. "ಊರಲ್ಲಿ ನನ್ನ ಹೆಸರು ಹಾಳು ಮಾಡ್ತೀಯಾ? ನೀನು ಅಕ್ಕನಾ, ಪೊಲೀಸಾ?"

ಸಿಸ್ಟರ್ ಗಾಡಿಯ ಹಿಂಬಾಗಿಲು ಹಾಕಿದರು. ಮನೆಗೆ ಬರುವ ದಾರಿಯಲ್ಲಿ ನಾನೂ ಅದನ್ನೇ ಕೇಳಿದೆ. ತೆಗೆದ ಮೇಲೂ ಹೇಳಲೇಬೇಕೆ ಎಂದು. ಅವರು ಕೈ ನೋಡಿಕೊಂಡರು. "ರೋಗಿಯ ಹೊಟ್ಟೆಯಲ್ಲಿ ನಾವು ಎಂತಾದ್ರೂ ಬಿಟ್ಟು, ಆಮೇಲೆ ತೆಗೆದ್ರೂ, ಅವನಿಗೆ ಹೇಳ್ಬೇಕು ಮಾಸ್ಟ್ರೇ. ಹೊಟ್ಟೆ ಅವನದ್ದಲ್ವಾ?"

ಮರುದಿನ ಒಬ್ಬರೇ ಹೋದರು. ಅಲ್ಲಿ ಏನು ಮಾತಾಯಿತು ಎಂದು ನಮಗೆ ಹೇಳಲಿಲ್ಲ. ಎರಡು ದಿನದಲ್ಲಿ ಗೇಟಿಗೆ ಸರಪಳಿ ಬಿತ್ತು. ಗಲ್ಫಿನಲ್ಲಿದ್ದ ಹಾಜಿಯವರ ಗಂಡುಮಕ್ಕಳಿಗೆ ಹೇಗೂ ಆ ಜಾಗ ಮಾರಿ ಲೇಔಟ್ ಮಾಡಿಸುವ ಮನಸ್ಸಿತ್ತು. ಇನ್ನು ಗುಡ್ಡೆಯ ಕತೆ ಮುಗಿಯಿತು ಎಂದುಕೊಂಡೆವು. ನಡೆಯುವವರಲ್ಲಿ ಹಲವರು ಸಿಸ್ಟರನ್ನು ಕಂಡರೆ ದಾರಿ ಬದಲಿಸಿದರು. ತಮ್ಮ ಅವರ ಮನೆಗೆ ಬರುವುದನ್ನೇ ಬಿಟ್ಟ. ಅವನ ಮಗಳ ಮದುವೆಯ ಕರೆ ವಾಟ್ಸಾಪಿನಲ್ಲಿ ಬಂತು. ಸೋದರತ್ತೆಯಾಗಿ ಮುಂದೆ ನಿಂತು ಮಾಡಬೇಕಾದವರು ಸಭಾಂಗಣದ ಕೊನೆಯ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ ಕೂತು, ಅಕ್ಷತೆ ಹಾಕಿ, ಉಂಡು ಬಂದರು. "ಮಗು ಚೆಂದ ಕಾಣ್ತಿತ್ತು," ಎಂದು ಮಾತ್ರ ಹೇಳಿದರಂತೆ.

ಆದಿತ್ಯವಾರ ಮಾತ್ರ ಅವರು ತಪ್ಪಿಸಲಿಲ್ಲ. ಗೇಟಿನ ಹೊರಗೆ, ರಸ್ತೆಯ ಬದಿ ಹೆಕ್ಕುವರು. ಸರಪಳಿಯ ಅಡಿಯಿಂದ ಕೈ ಹಾಕಿದರೆ ಸಿಗುವ ಬಾಟಲಿಯನ್ನೂ ಮುಟ್ಟುತ್ತಿರಲಿಲ್ಲ. "ಅದು ಒಳಗೆ ಉಂಟು," ಎನ್ನುವರು. ಒಮ್ಮೊಮ್ಮೆ ನಾನು ಜೊತೆಗಿರುತ್ತಿದ್ದೆ. ಹೆಚ್ಚಾಗಿ ಅವರು ಒಬ್ಬರೇ.

ಆದರೆ ನಡೆಯುವವರಿಲ್ಲದ ಗುಡ್ಡೆಯಲ್ಲಿ ನೋಡುವವರೂ ಇಲ್ಲವಾದರು. ತಂತಿ ಕತ್ತರಿಸಿ ಗಾಡಿಗಳು ಹಿಂದಿನಿಂದ ಬಂದವು. ಒಂದೇ ಮಳೆಗಾಲ ಕಳೆಯುವುದರೊಳಗೆ ಹಿಂಬದಿಯ ಇಳಿಜಾರೆಲ್ಲ ಕಸದ ಗುಡ್ಡೆಯಾಯಿತು. ಒಂದು ಬೆಳಿಗ್ಗೆ ಹಾಜಿಯವರು ಸೀದಾ ನಮ್ಮ ಕಟ್ಟಡಕ್ಕೆ ಬಂದರು. ಮೆಟ್ಟಿಲ ಬಳಿ ನಾನೂ ಇದ್ದೆ.

"ಸಿಸ್ಟರ್," ಎಂದರು, "ನಾನು ಹಾಕಿದ ಬೀಗ ನಿಮಗೆ ಮಾತ್ರ ಆಯ್ತು ಮಾರಾಯ್ರೇ. ಬಾಕಿಯವರಿಗೆ ಆಗಲಿಲ್ಲ."

'ಈಗ ಗೊತ್ತಾಯ್ತಾ?' ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ. ಸಿಸ್ಟರ್ ಕೇಳಿದ್ದು, "ಚಾ ಕುಡೀತೀರಾ?" ಎಂದು.

ಗೇಟು ಮತ್ತೆ ತೆರೆಯಿತು. ಈ ಸಲ ಹಾಜಿಯವರೂ ಆದಿತ್ಯವಾರ ಬರತೊಡಗಿದರು. ಮಂಡಿನೋವು, ಬಗ್ಗಲಾಗದು. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಹೋಗಿ ಬರುವವರನ್ನೆಲ್ಲ ಮಾತಾಡಿಸುವರು. ಸಿಸ್ಟರ್ ದಣಿದು ಬಂದಾಗ ಇಬ್ಬರೂ ಬಿಪಿ ಮಾತ್ರೆಗಳ ವಿಷಯಕ್ಕೆ ಜಗಳವಾಡುವರು. ಗಲ್ಫಿನಿಂದ ರಜೆಗೆ ಬಂದ ಗಂಡುಮಕ್ಕಳನ್ನು ಹಾಜಿಯವರು ಒಮ್ಮೆ ಕರೆತಂದರು. ಸಿಸ್ಟರ್ ಅವರನ್ನು ಮೇಲಿನ ಸಮತಟ್ಟಿಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸಿದರು. ಆ ಮಕ್ಕಳ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ. "ನಾನು ಇರುವಷ್ಟು ದಿನ ಮಾರುದಿಲ್ಲ," ಎಂದಷ್ಟೇ ಹಾಜಿಯವರ ಮಾತು. ಸಿಸ್ಟರ್ ಅದಕ್ಕಿಂತ ಹೆಚ್ಚು ಕೇಳಲೂ ಇಲ್ಲ.

ಅವರ ಕಾಯಿಲೆ ನಮಗೆ ಗೊತ್ತಾದದ್ದು ತಡವಾಗಿ. ಅವರಿಗೆ ಮೊದಲೇ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ತಾವು ದುಡಿದ ಫಳ್ನೀರಿನ ಆಸ್ಪತ್ರೆಯಲ್ಲೇ ಮಲಗಿದರು. ಸುದ್ದಿ ಸಿಕ್ಕಿ ತಮ್ಮ ಓಡಿ ಬರುವಷ್ಟರಲ್ಲಿ ಮಾತು ನಿಂತಿತ್ತು. ಅವನು ಹಾಸಿಗೆಯ ಪಕ್ಕ ನಿಂತು 'ಅಕ್ಕ, ಅಕ್ಕ' ಎಂದು ಕರೆಯುತ್ತಲೇ ಇದ್ದ.

ಉತ್ತರಕ್ರಿಯೆಯ ದಿನ ಅಡುಗೆಯನ್ನು ತಮ್ಮನೇ ತನ್ನ ಮನೆಯಲ್ಲಿ ನಿಂತು ಮಾಡಿಸಿದ. ಹಾಜಿಯವರು ಬಂದು ಹೂ ಹಾಕಿದ ಫೋಟೋದ ಎದುರು ಸ್ವಲ್ಪ ಹೊತ್ತು ನಿಂತು, ಅಂಗಳದ ಚಪ್ಪರದಲ್ಲಿ ನನ್ನ ಬಳಿ ಕೂತರು. ತಮ್ಮನೇ ನೀರಿನ ಲೋಟ ತಂದುಕೊಟ್ಟು, ಹೋಗದೆ ಅಲ್ಲೇ ನಿಂತ.

"ನಿಮ್ಮ ಎದುರು ಬರ್ಲಿಕ್ಕೆ ನಂಗೆ ಮುಖ ಇರಲಿಲ್ಲ ಹಾಜಿಯವರೇ," ಎಂದ ತಲೆ ತಗ್ಗಿಸಿ. "ಆವತ್ತು ಅಕ್ಕ ನನ್ನ ವಿಷಯ ನಿಮಗೆ ಹೇಳಿದ್ದಾಳಲ್ಲ."

"ಯಾವ ವಿಷಯ?"

"ಆ ಕಸದ್ದು. ನಮ್ಮ ಕ್ಯಾಟರಿಂಗಿನ ಗಾಡಿ ಸುರಿದದ್ದು."

ಹಾಜಿಯವರು ಲೋಟ ಕೆಳಗಿಟ್ಟರು. "ನಿಮ್ಮ ಹೆಸರು ಅವರು ಎತ್ತಲೇ ಇಲ್ಲ. 'ಗುಡ್ಡೆಯ ಹಿಂದೆ ಒಂದು ಗಾಡಿ ಊಟದ ಎಂಜಲು ಬಿದ್ದಿತ್ತು, ಆ ಕಸ ನಮ್ಮ ಮನೆಯದ್ದು, ತಪ್ಪು ನನ್ನದು' ಅಂದ್ರು. ಅಷ್ಟೇ."

ನಾನು ತಮ್ಮನ ಮುಖ ನೋಡಿದೆ. ನೋಡಬಾರದಿತ್ತು ಎನಿಸಿ ಬೇರೆ ಕಡೆ ತಿರುಗಿದೆ.

"ನೀವು ನಂಬಿದ್ರಾ?" ಎಂದು ಅವನು ಕೇಳಿದ.

"ಒಬ್ಬರೇ ಇರುವ ಹೆಂಗಸು ಮನೆಯಲ್ಲಿ ಊರಿಗೆಲ್ಲ ಊಟ ಹಾಕ್ತಾರಾ ಮಾರಾಯ್ರೇ? ಯಾರದ್ದೋ ತಪ್ಪು ಮೈಮೇಲೆ ಹಾಕ್ಕೊಂಡಿದ್ದಾರೆ ಅಂತ ಗೊತ್ತಾಯ್ತು. ನಂಗೆ ಸಿಟ್ಟಿತ್ತು, ಬೀಗ ಹಾಕಿದೆ. ಆದ್ರೆ ಅವರು ಮುಚ್ಚಿಟ್ಟದ್ದನ್ನು ಕೇಳ್ಲಿಕ್ಕೆ ಮನಸ್ಸು ಬರಲಿಲ್ಲ."

ಅಡುಗೆಯ ಕಡೆಯಿಂದ ಯಾರೋ ತಮ್ಮನನ್ನು ಎರಡೆರಡು ಸಲ ಕರೆದರು. ಅವನಿಗೆ ಕೇಳಿಸಲಿಲ್ಲ.

ಅದರ ಮುಂದಿನ ಆದಿತ್ಯವಾರ ನಾನು ಗುಡ್ಡೆಗೆ ಹೋದಾಗ ಕ್ಯಾಟರಿಂಗಿನ ಗಾಡಿ ರಸ್ತೆಯ ಬದಿಯಲ್ಲಿತ್ತು. ತಮ್ಮನೂ ಅವನ ಕೆಲಸದವರೂ ಖಾಲಿ ಚೀಲ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಗೇಟು ಪೂರ್ತಿ ತೆರೆದಿತ್ತು. ಆದರೂ ಒಳಗೆ ಕಾಲಿಡದೆ ಕಾಯುತ್ತಿದ್ದರು. ಕುರ್ಚಿಯಲ್ಲಿ ಕೂತಿದ್ದ ಹಾಜಿಯವರು ಕನ್ನಡಕ ಸರಿಮಾಡಿಕೊಂಡು ನೋಡಿ, ಕೈ ಎತ್ತಿ ಕರೆದರು.

"ಬನ್ನಿ ಮಾರಾಯ್ರೇ, ಬಿಸಿಲು ಏರ್ತದೆ."